ಸಪ್ಪಳ

ನವನಗರದಾಗ ದಸ್ತಗೀರಸಾಬರ ಅಂಗಡಿ.
ಗಾಜಿನ ಮ್ಯಾಲ ಮಾಸಿದ ವೆಲ್ವೆಟ್ ಹಾಸಿ
ಎರಡನ್ನೂ ಇಟ್ಟರು, ಒಂದರ ಬಾಜೂಕ ಒಂದು.

ಸಣ್ಣದು, ಪುಠಾಣಿ ಡಬ್ಬಿಯಷ್ಟು ಹಗೂರ.
ದೊಡ್ಡದು, ಉದ್ದನ್ನ ಲೆನ್ಸ್ ಸಹಿತ ಎತ್ತಿದರ
ದಿನ ತುಂಬಿ ಹುಟ್ಟಿದ ಕೂಸು,
ಮೂರು ಕೆಜಿಗೆ ಒಂದು ನೂರು ಗ್ರಾಂ ಕಡಿಮಿ.
ತೂಕದ ವಿಷಯದಾಗ ನನ್ನ ಕೈ ಸುಳ್ಳು ಹೇಳೂದಿಲ್ಲ,
ಹತ್ತೊಂಬತ್ತು ವರ್ಷ ಬೀಳಗಿ ತಾಲೂಕಿನ ಕೂಸು ತೂಗೀನಿ.

ರೇಟಿನ ಚೀಟಿ ತಿರುವಿ ನೋಡಿದ್ನಿ.
ತಿರುವಿದ್ದು ತಿರುವಿದಂಗ ಇಟ್ಟೆ.

"ಬಾಡಿ ನಾಕು ವರ್ಷಕ್ಕ ಹಳೇದಾಗತೈತಿ ಸಿಸ್ಟರ,
ಗಾಜು ಹಂಗಲ್ಲ. ರೊಕ್ಕ ಗಾಜಿಗೆ ಹಾಕ್ರಿ" ಅಂದ್ರು.
ಬಾಗಿಲಕ್ಕ ಬಂದು ದೊಡ್ಡದನ್ನ ಕಣ್ಣಿಗೆ ಹಚ್ಚಿದ್ನಿ.
ತಂತಿ ಮ್ಯಾಲ ಗುಬ್ಬಿ,
ಪಟ್ಟನ ಅದರ ಕಣ್ಣಿಗೇ ಕುಂತಿತು ಹಸಿರು ಚೌಕ.
ನಾನು ಬಡಕಲ ಬಾಣಂತಿ ಕೈಯಾಗ ನರ ಹುಡುಕಾಕ
ಎಷ್ಟು ಸಲ ತಟ್ಟತೀನಿ!

ಅರಿಯರ್ಸ್ ಬಂದದ್ದು ಆಶಾ ಕಾಶವ್ವಗ ಗೊತ್ತೈತಿ.
"ಕೊಳ್ಳಾಗ ಹಾಕ್ಕೊಳ್ಳೂದಂದ್ರ ಬಂಗಾರ ಹಾಕ್ಕೋರಿ ಬಾಯಾರ,
ಇದೇನಿದು ಕರೀ ಕೊಳವಿ."

ದಸ್ತಗೀರಸಾಬರ ತಾಯಿಗೆ ಒಂದು ಬ್ಯಾಸಿಗಿ ಪೂರಾ
ಮನಿಗೆ ಹೋಗಿ ಇಂಜೆಕ್ಷನ್ ಮಾಡಿದ್ನಿ.
ಅದನ್ನ ಅವರು ಆಡಲಿಲ್ಲ, ಇಷ್ಟ ಅಂದ್ರು:
"ಎರಡೂ ಒಯ್ರಿ. ಬುಧವಾರ ಒಂದು ತಿರುಗಿ ತರ್ರಿ."

ಯಡಹಳ್ಳಿ ಗುಡ್ಡದ ಸೆರಗು. ಇನ್ನೂ ಬೆಳಕು ಹರಿದಿಲ್ಲ.
ವಾಸನಿ ಹೊಕ್ಕೈತಿ ಅಂತ
ವಾಚರ್ ಯಮನಪ್ಪ ಬೀಡಿ ಹಚ್ಚಲಿಲ್ಲ, ಕಿವಿಗೆ ಸಿಗಿಸಿದ.
ಜಾಲಿಗಿಡದ ಹಿಂದ ಕುಂತ್ವಿ.
ಬಂತು. ಒಂದ. ಹೆಣ್ಣು ಚಿಂಕಾರ.
ಕೆಂಪು ಕಲ್ಲಿನಾಗಿಂದ ಒಂದು ಕಲ್ಲು ಎದ್ದು ನಡದಂಗ.

ದೊಡ್ಡದು ಹಿಡದ್ನಿ. ಸೆಕೆಂಡಿಗೆ ಇಪ್ಪತ್ತು.
ಸಪ್ಪಳಿಲ್ಲ.
ಚಿಗುರು ಕಡಿಯೂದು, ಕಿವಿ ತಿರುವೂದು,
ನಾಲಗಿ ಮೂಗಿಗೆ ಹಚ್ಚೂದು, ರೆಪ್ಪಿಕೂದಲ ಎಣಿಸಬಹುದು.
ಮುನ್ನೂರ ನಾಲ್ವತ್ತು ಚಿತ್ರ,
ಒಂದರಾಗೂ ನಾನು ಅಲ್ಲಿದ್ದೆ ಅನ್ನೂದು ಅದಕ್ಕ ಗೊತ್ತಿಲ್ಲ.

ಆಮ್ಯಾಲ ಸಣ್ಣದು.
ಒಳಗ ಕನ್ನಡಿ ಎದ್ದು ಬಿತ್ತು: ಟಪಕ್.
ಅಡಕಿ ಕತ್ತರಿಸಿದಷ್ಟ.
ಅದು ತಲಿ ಎತ್ತಿತು.

ಹ್ಯಾಂಗ ಹೇಳಲಿ.
ತೊಡಿಗೆ ಸೂಜಿ ಚುಚ್ಚಿದ ಮ್ಯಾಲ
ಅಳು ಇನ್ನೂ ಬಾಯಿಗೆ ಬಂದಿರೂದಿಲ್ಲ,
ಕೂಸು ಒಂದು ಗಳಿಗಿ ನನ್ನ ಮಾರಿ ನೋಡತೈತಲ್ಲ,
ನೀನಾ? ಅಂತ.
ಆ ನೋಟ.

ಮುಂಗಾಲು ನೆಲಕ್ಕ ಬಡೀತು, ಮೂಗಿಲೆ ಸೀನಿತು,
ಹೋತು.
"ಮೇವು ಅರ್ಧಾ ಬಿಟ್ಟು ಹೋತ್ರಿ" ಅಂದ ಯಮನಪ್ಪ.
ನನ್ನ ಕಡೆ ನೋಡದ ಅಂದ, ಬೀಡಿ ಹಚ್ಚಿದ.

ರಾತ್ರಿ ಕಂಪ್ಯೂಟರಿಗೆ ಹಾಕಿ ನೋಡಿದ್ರ
ಸಣ್ಣದರಾಗ ನೆರಳೆಲ್ಲ ಸಜ್ಜಿ ಚೆಲ್ಲಿಧಂಗ ಕಾಳುಕಾಳು,
ಒಂದು ಕಿವಿ ಅಲುಗಾಡಿ ಎರಡಾಗೇತಿ.
ದೊಡ್ಡದರಾಗ ಎಲ್ಲಾ ಐತಿ,
ಮೂಗಿನ ಮ್ಯಾಲಿನ ನೊಣದ ರೆಕ್ಕಿ ಸುದ್ದಾ.
ಹೊಳ್ಳಿ ಹೊಳ್ಳಿ ನಾ ನೋಡಿದ್ದು ಯಾವುದು ಅಂತ
ಯಾರೂ ಕೇಳಿಲ್ಲ, ನಾ ಹೇಳೂದೂ ಇಲ್ಲ.

ಬುಧವಾರ.
"ಯಾವುದು, ಸಿಸ್ಟರ?"
ಸಣ್ಣದನ್ನ ವೆಲ್ವೆಟ್ ಮ್ಯಾಲ ಇಟ್ಟೆ.
ಅರಿಯರ್ಸ್ ಪೂರಾ ಎಣಿಸಿ ಕೊಟ್ಟೆ, ಉಳಿದದ್ದಕ್ಕ ಹದಿನೆಂಟು ಕಂತು.
ಅರ್ಧ ಮೇವಿನ ಲೆಕ್ಕ ಅವರಿಗೆ ಹೇಳಲಿಲ್ಲ.
"ಅದರ ಕಾರ್ಡಿನಾಗ ಒಂದು ಚಿತ್ರ ಐತ್ರಿ, ಪ್ರಿಂಟ್ ತಗದು ಕೊಡ್ರಿ."

ಮಷೀನಿನಿಂದ ಬೆಚ್ಚಗ ಹೊರಗ ಬಂತು.
ಕನ್ನಡಕ ಏರಿಸಿ ನೋಡಿದ್ರು: "ಅಲುಗಾಡೇತ್ರಲ್ಲ."
"ಹಂಗ ಇರಲಿ."

ನಾಳೆ ಗುರುವಾರ.
ಲಸಿಕಿ ಡಬ್ಬಿಗೆ ಐಸ್ ಕಟ್ಟಬೇಕು.